ಹೆಪ್ಪುಗಟ್ಟದ ಹಾಲು

"ಮೂರು ದಿನ ಮೊಸರೇ ಆಗಲಿಲ್ಲ ನೋಡ್ರಿ," ಎಂದಳು ಪಾರ್ವತಿಬಾಯಿ. "ಆಕಳ ಹಾಲಿಗೆ ಹೆಪ್ಪ ಹಾಕಿಟ್ರ, ಮುಂಜಾನಿ ಎದ್ದು ನೋಡಿದ್ರ ಹಾಲ ಹಾಲಾಗೇ ಇರ್ತಿತ್ತು."

ಸಬ್ ಇನ್ಸ್‌ಪೆಕ್ಟರ್ ಮಹಜಬೀನಳ ಪೆನ್ನು ನಿಂತಿತು.

ಮುಡಬಿ ಊರಿನ ಆ ಕೊಟ್ಟಿಗೆಯ ಕಟ್ಟೆಯ ಮೇಲೆ ಅವಳು ಕೂತು ಅರ್ಧ ತಾಸಾಗಿತ್ತು. ಕೊಹಿನೂರು ಹಳ್ಳಿಯ ಸಂಘರತ್ನ ಸತ್ತು ಹನ್ನೊಂದು ದಿನವಾಗಿತ್ತು. ಹುಮನಾಬಾದಿಗೆ ಹೋಗುವ ಒಳದಾರಿಯಲ್ಲಿ, ಸಣ್ಣ ಸೇತುವೆಯ ಕೆಳಗೆ, ಬೈಕಿನ ಜೊತೆ ಅವನ ಹೆಣ ಸಿಕ್ಕಿತ್ತು. ಊರಿಗೆ ಊರೇ ಅದನ್ನು ಅಪಘಾತ ಎಂದಿತ್ತು.

ಮಹಜಬೀನ್ ನಂಬಿರಲಿಲ್ಲ. ಕಾರಣ ಒಂದು ಹಾಲಿನ ಕ್ಯಾನು.

ಎರಡು ಲೀಟರಿನ ಸ್ಟೀಲ್ ಕ್ಯಾನು ಬೈಕಿನಿಂದ ಹತ್ತು ಹೆಜ್ಜೆ ಆಚೆ ಪೊದೆಯಲ್ಲಿ ಬಿದ್ದಿತ್ತು. ಮುಚ್ಚಳ ಬಿಗಿಯಾಗಿತ್ತು. ಒಳಗೆ ಒಂದು ಹನಿ ಹಾಲಿರಲಿಲ್ಲ, ತಳದಲ್ಲಿ ಹಳ್ಳದ ನುಣ್ಣನೆಯ ಮರಳು ಅಂಟಿತ್ತು. ಯಾರೋ ಹಳ್ಳದ ನೀರಿನಲ್ಲಿ ಅದನ್ನು ತೊಳೆದು, ಮತ್ತೆ ಮುಚ್ಚಳ ಹಾಕಿ ಎಸೆದಿದ್ದರು. ಸೇತುವೆಯಿಂದ ಬಿದ್ದು ತಲೆ ಒಡೆದುಕೊಂಡವನು ಕ್ಯಾನು ತೊಳೆಯುವುದಿಲ್ಲ. ಈ ಮಾತನ್ನು ಅವಳು ಕಾನ್‌ಸ್ಟೇಬಲ್ ಗೌಸನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಎರಡನೆಯ ಕಾರಣ ಅವನ ಜೇಬಿನಲ್ಲಿದ್ದ ನೋಟ್‌ಬುಕ್ಕು. ಕೊನೆಯ ಪುಟದಲ್ಲಿ 'ಹದಿನೇಳು. ಹೆಪ್ಪು?' ಎಂದು ಬರೆದಿತ್ತು. ಅಷ್ಟೇ.

ಹದಿನೇಳು ಎಂಬುದು ಒಂದು ಆಕಳಿನ ನಂಬರು. ಸಂಘರತ್ನ ಊರೂರು ತಿರುಗಿ ಕೆಚ್ಚಲು ಬಾವು ಬಂದ ಆಕಳುಗಳಿಗೆ ಮದ್ದು ಹಚ್ಚುತ್ತಿದ್ದ. ಲೋಳೆಸರ, ಅರಿಶಿನ, ಸುಣ್ಣ ಸೇರಿಸಿ ಅರೆದ ಲೇಪ. ಅದು ಅವನ ತಾಯಿ ಅಂಬುಬಾಯಿಯ ಕೈಮದ್ದು. ಮೂವತ್ತು ವರ್ಷ ಪರರ ಕೊಟ್ಟಿಗೆಗಳಲ್ಲಿ ಸಗಣಿ ಬಳಿಯುತ್ತ ಆಕೆ ಕಲಿತದ್ದು. ಹುಮನಾಬಾದಿನ ಒಂದು ಕಂಪನಿ ಅದನ್ನು ಡಬ್ಬಿಯಲ್ಲಿ ತುಂಬಿ ಮಾರಲು ಹೊರಟಿತ್ತು. ಆ್ಯಂಟಿಬಯಾಟಿಕ್ ಇಲ್ಲದೆ ಬಾವು ಇಳಿಯುತ್ತದೆ ಎಂದು ತೋರಿಸಲು ಮೂವತ್ತು ಆಕಳುಗಳ ಮೇಲೆ ಪರೀಕ್ಷೆ ನಡೆಸಿತ್ತು. ಲೇಪ ಹಚ್ಚುವವನು ಸಂಘರತ್ನ. ಮೇಲ್ವಿಚಾರಣೆ ಕಂಪನಿಯ ದನದ ಡಾಕ್ಟರ್ ಸತೀಶಕುಮಾರನದು.

ಹದಿನೇಳನೆಯ ಆಕಳು ಪಾರ್ವತಿಬಾಯಿಯದು.

ಮೊದಲು ಹೆಪ್ಪು ಕೆಟ್ಟಿರಬೇಕೆಂದು ಮುದುಕಿ ನೆರೆಮನೆಯಿಂದ ಬೇರೆ ಹೆಪ್ಪು ತಂದಿದ್ದಳು. ಪಾತ್ರೆ ಬದಲಿಸಿದ್ದಳು. ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಅದೇ ಹೆಪ್ಪು ಹಾಕಿದ ಎಮ್ಮೆಯ ಹಾಲು ಗಟ್ಟಿ ಮೊಸರಾಗುತ್ತಿತ್ತು. ಆಕಳ ಹಾಲು ಮಾತ್ರ ತೆಳ್ಳಗೆ ನಿಲ್ಲುತ್ತಿತ್ತು.

ಸಂಘರತ್ನ ಸತ್ತ ದಿನ ಬೆಳಿಗ್ಗೆ ಆಕೆ ಅವನಿಗೆ ಇದನ್ನು ಹೇಳಿದ್ದಳು. ಅವನು ಬಗ್ಗಿ ಆಕಳ ಮೊಲೆಗಳ ತುದಿಯನ್ನು ಒಂದೊಂದಾಗಿ ನೋಡಿದ್ದ. ಆಮೇಲೆ ಆಗ ತಾನೇ ಕರೆದ ಹಾಲನ್ನು ತನ್ನ ಕ್ಯಾನಿಗೆ ಹೊಯ್ದುಕೊಂಡು, ಅವಳ ಕಣ್ಣೆದುರೇ ಹೆಪ್ಪು ಹಾಕಿದ. ಒಂದು ಗ್ಲಾಸು ಎಮ್ಮೆ ಹಾಲಿಗೂ ಅದೇ ಹೆಪ್ಪು ಹಾಕಿ, ಇದನ್ನು ಸಂಜೆ ನೀವೇ ನೋಡಿ ಎಂದು ಅವಳ ಬಳಿ ಬಿಟ್ಟುಹೋದ. ಸಂಜೆಗೆ ಆ ಗ್ಲಾಸು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿತ್ತು.

ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ಮಹಜಬೀನ್ ಕೇಳಿದಳು.

"ಬಂದವರೆಲ್ಲ ಅಂವ ಗಾಡಿ ಎಷ್ಟ ಜೋರ ಹೊಡೀತಿದ್ದ ಅಂತ ಕೇಳಿದ್ರು," ಎಂದಳು ಪಾರ್ವತಿಬಾಯಿ. "ಮೊಸರಿನ ಮಾತ ಯಾರ ಕೇಳಿದ್ರು?"

ಜೊತೆಗೆ ಹೆದರಿಕೆಯೂ ಇತ್ತು. ಹಾಲು ಕೆಟ್ಟಿದೆ ಎಂದು ಬಾಯಿಬಿಟ್ಟರೆ ಡೈರಿಯವರು ನಾಳೆಯಿಂದ ತಗೊಳ್ಳುವುದಿಲ್ಲ ಎಂದು ಮಗ ಗದರಿಸಿದ್ದನಂತೆ.

ಆಕೆ ಒಳಗಿನಿಂದ ಚಹಾ ತಂದುಕೊಟ್ಟಳು. ಮಹಜಬೀನ್ ಕಪ್ಪು ಕೈಗೆ ತೆಗೆದುಕೊಳ್ಳುವಾಗ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ ಇನ್ನೊಂದು ಕಪ್ಪು ಕಂಡಿತು. ಹಿಡಿಕೆ ಮುರಿದದ್ದು. ಅದು ಯಾರದೆಂದು ಕೇಳಿದಳು. ಸಂಘರತ್ನನದು ಎಂದು ಪಾರ್ವತಿಬಾಯಿ ಸಹಜವಾಗಿ ಹೇಳಿದಳು. ಬಂದಾಗ ಅವನೇ ತೊಳೆದು ಅಲ್ಲಿ ಇಟ್ಟುಹೋಗುತ್ತಿದ್ದ, ಬಹಳ ಒಳ್ಳೆಯ ಹುಡುಗ ಎಂದಳು. ಮೂವತ್ತನಾಲ್ಕು ವರ್ಷದ ಆ ಮನುಷ್ಯ ಐದು ದಿನ, ದಿನಕ್ಕೆ ಎಂಟು ಸಲ ಈ ಮನೆಯ ಆಕಳ ಕೆಚ್ಚಲು ತೊಳೆದು ಮದ್ದು ಹಚ್ಚಿದ್ದ.

ಮಹಜಬೀನ್ ಚಹಾ ಕುಡಿಯಲಿಲ್ಲ.

ಹಾಲು ಯಾಕೆ ಹೆಪ್ಪುಗಟ್ಟಲಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದಿತ್ತು. ಅವಳ ಅಪ್ಪ ಯುನೂಸ್ ಹುಮನಾಬಾದಿನಲ್ಲಿ ನಾಲ್ಕು ಎಮ್ಮೆ ಕಟ್ಟಿ ಮೊಸರು ಮಾರುತ್ತಿದ್ದವರು. ಎಮ್ಮೆಗೆ ಕೆಚ್ಚಲು ಬಾವು ಬಂದು ಡಾಕ್ಟರು ಮೊಲೆಯೊಳಗೆ ಔಷಧದ ಟ್ಯೂಬು ಏರಿಸಿದರೆ, ಅಮ್ಮ ಆ ಎಮ್ಮೆಯ ಹಾಲನ್ನು ನಾಲ್ಕೈದು ದಿನ ಬೇರೆ ಇಡುತ್ತಿದ್ದಳು. ರೋಗದ ಕ್ರಿಮಿಯನ್ನು ಕೊಲ್ಲುವ ಔಷಧ ಮೊಸರಿನ ಕ್ರಿಮಿಯನ್ನೂ ಕೊಲ್ಲುತ್ತದೆ. ಹೊರಗೆ ಹಚ್ಚಿದ ಅರಿಶಿನಕ್ಕೆ ಆ ಶಕ್ತಿಯಿಲ್ಲ. ಈ ಆಕಳಿನ ಕೆಚ್ಚಲೊಳಗೆ ಯಾರೋ ಆ್ಯಂಟಿಬಯಾಟಿಕ್ ಏರಿಸಿದ್ದರು.

ಅವಳು ಗೌಸನನ್ನು ಕರೆದು ತಿಪ್ಪೆ ಕೆದಕಲು ಹೇಳಿದಳು. ಪಾರ್ವತಿಬಾಯಿಗೆ ಕಸಿವಿಸಿಯಾಯಿತು. ಗೌಸ ಪ್ಯಾಂಟು ಮಡಚಿ ಕೋಲು ಹಿಡಿದು ಇಳಿದ. ಕಾಲು ತಾಸಿನಲ್ಲಿ ಮೂರು ಬಿಳಿ ಪ್ಲಾಸ್ಟಿಕ್ ಟ್ಯೂಬುಗಳು ಸಿಕ್ಕವು. ಇಂಜೆಕ್ಷನ್ನಿನ ಪಿಚಕಾರಿಯಂತೆ ಉದ್ದಕ್ಕಿದ್ದು ಮುಂದೆ ಸಣ್ಣ ಮೂತಿ, ಸೂಜಿಯಿಲ್ಲ. ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದರು.

ಲೇಪದವನನ್ನು ಬಿಟ್ಟು ಆಕಳ ಹತ್ತಿರ ಯಾರು ಬರುತ್ತಿದ್ದರು ಎಂದು ಅವಳು ಕೇಳಿದಳು. ಹಾಲಿನ ಸ್ಯಾಂಪಲ್ ತೆಗೆಯಲು ಸತೀಶಕುಮಾರ ಡಾಕ್ಟರು ಬರುತ್ತಿದ್ದರು ಎಂದಳು ಪಾರ್ವತಿಬಾಯಿ. ಬಂದಾಗಲೆಲ್ಲ ಕೈ ತೊಳೆಯಲು ಬಿಸಿನೀರು ಬೇಕು ಎನ್ನುತ್ತಿದ್ದರು. ಆಕೆ ಒಳಗೆ ಹೋಗಿ ಒಲೆ ಹಚ್ಚಿ ನೀರು ಕಾಯಿಸಿ ತರುವಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತಿತ್ತು.

ಹೇಳುತ್ತ ಹೇಳುತ್ತ ಮುದುಕಿಯ ದನಿ ಇಳಿಯಿತು. ಗೌಸನ ಕೈಯಲ್ಲಿದ್ದ ಟ್ಯೂಬುಗಳನ್ನೇ ನೋಡುತ್ತಿದ್ದಳು.

"ಅಂದ್ರ ಅಂಬುಬಾಯಿ ಮದ್ದು ಸುಳ್ಳೇನ್ರಿ?"

ಉತ್ತರ ನೋಟ್‌ಬುಕ್ಕಿನಲ್ಲಿತ್ತು. ಕಂಪನಿ ಬರುವ ಮೊದಲು ಸಂಘರತ್ನ ತಾನೇ ಮೂವತ್ತು ಆಕಳುಗಳಿಗೆ ಲೇಪ ಹಚ್ಚಿ ಲೆಕ್ಕ ಇಟ್ಟಿದ್ದ. ಹತ್ತೊಂಬತ್ತು ವಾಸಿಯಾಗಿದ್ದವು. ಆಗಷ್ಟೇ ಬಾವು ಬಂದ, ಹಾಲಿನಲ್ಲಿ ಸಣ್ಣ ಗಂಟು ಕಂಡ ಆಕಳುಗಳು ಅವು. ಕೆಚ್ಚಲು ಕಲ್ಲಾಗಿ, ಜ್ವರ ಬಂದು, ಮೇವು ಬಿಟ್ಟ ಆಕಳಿಗೆ ಲೇಪ ನಾಟಿರಲಿಲ್ಲ. ಅದನ್ನೂ ಅವನು ಮುಚ್ಚಿಟ್ಟಿರಲಿಲ್ಲ. ಕಂಪನಿಯ ಸುತ್ತಿನಲ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತು ವಾಸಿ. ಆ ಅಂಕಿಯ ಪಕ್ಕದಲ್ಲಿ ಅವನು 'ಹ್ಯಾಂಗ?' ಎಂದು ಬರೆದಿದ್ದ.

ಮಧ್ಯಾಹ್ನ, ಪರೀಕ್ಷೆಯ ಇನ್ನೊಂದು ಆಕಳಿದ್ದ ಕೊಹಿನೂರಿನ ಅಲ್ಲಾಬಕ್ಷನ ಕೊಟ್ಟಿಗೆಯಲ್ಲಿ ಇನ್ನೆರಡು ಟ್ಯೂಬು ಸಿಕ್ಕವು. ಅಲ್ಲಿಯೂ ಡಾಕ್ಟರು ಬಿಸಿನೀರು ಕೇಳಿದ್ದರು.

*

ಹುಮನಾಬಾದಿನ ಹೊರಗೆ, ಹೆದ್ದಾರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಂಪನಿಯ ಆಫೀಸು. ಬಾಗಿಲಿನಿಂದ ಮೇಜಿನವರೆಗೆ ರಟ್ಟಿನ ಡಬ್ಬಿಗಳನ್ನು ಒಟ್ಟಿದ್ದರು. ಒಂದೊಂದರ ಮೇಲೂ ಆಕಳು, ಆಕಳ ಪಕ್ಕದಲ್ಲಿ ಮೂಗುತಿ ಇಟ್ಟ ಬೆಳ್ಳಗಿನ ಅಜ್ಜಿಯೊಬ್ಬಳ ಚಿತ್ರ. ಅದು ಅಂಬುಬಾಯಿಯ ಮುಖವಾಗಿರಲಿಲ್ಲ.

ಸತೀಶಕುಮಾರ ನಲವತ್ತೈದು ದಾಟಿದ, ಕಣ್ಣ ಕೆಳಗೆ ಕಪ್ಪು ಕಟ್ಟಿದ ಮನುಷ್ಯ. ಮಹಜಬೀನ್ ಐದು ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಅವನು ನಿರಾಕರಿಸಲಿಲ್ಲ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತ.

"ಇದು ತಪ್ಪು," ಎಂದ. "ಕೊಲಿ ಅಲ್ಲ."

ತಾನು ಕೊಲೆ ಎಂಬ ಮಾತೇ ಎತ್ತಿಲ್ಲ ಎಂದಳು ಮಹಜಬೀನ್.

ಆಮೇಲೆ ಅವನು ಬಹಳ ಮಾತಾಡಿದ. ಇಪ್ಪತ್ತು ವರ್ಷದ ಹಿಂದೆ ತಾನು ಕೆಲಸಕ್ಕೆ ಸೇರಿದಾಗ ಎರಡು ಟ್ಯೂಬಿಗೆ ಬಾವು ಇಳಿಯುತ್ತಿತ್ತು. ಜನ ಕೇಳಿದಾಗಲೆಲ್ಲ ಡಾಕ್ಟರುಗಳು ಕೊಟ್ಟರು, ತಾನೂ ಕೊಟ್ಟ. ಈಗ ಎಂಟು ದಿನ ಏರಿಸಿದರೂ ಇಳಿಯದ ಆಕಳುಗಳಿವೆ. ಕ್ರಿಮಿಗಳು ಔಷಧಕ್ಕೆ ಒಗ್ಗಿಹೋಗಿವೆ. ಅದೇ ಹಾಲು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಅಂಬುಬಾಯಿಯ ಲೇಪ ಮೊದಲ ಸಲ ನೋಡಿದಾಗ ತನಗೆ ನಿಜವಾಗಿ ಸಂತೋಷವಾಗಿತ್ತು ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ನಾಟಕವಿರಲಿಲ್ಲ. ಅದೇ ಮಹಜಬೀನಳಿಗೆ ಹೆಚ್ಚು ಕಹಿಯೆನಿಸಿತು.

"ಹಂಗಾದ್ರ ಇವು ಯಾಕ?" ಟ್ಯೂಬುಗಳತ್ತ ಕೈ ತೋರಿದಳು.

"ಮೂವತ್ತರಾಗ ಹತ್ತೊಂಬತ್ತು ಅಂದ್ರ ಯಾರೂ ಡಬ್ಬಿ ಮುಟ್ಟೂದಿಲ್ರಿ, ಮೇಡಂ. ಉಳಿದ ಹನ್ನೊಂದರ ಸುದ್ದಿನೇ ಊರ ತುಂಬ ಆಗ್ತದ. ಮೊದಲ ಜನ ನಂಬಬೇಕು. ಆಮ್ಯಾಗ ಖರೇ ಹೇಳಿದ್ರಾತು ಅಂದ್ಕೊಂಡಿದ್ದೆ."

"ಔಷಧ ಇಲ್ಲದ ಮದ್ದು ಅಂತ ನಂಬಸಾಕ, ಇದ್ದುದರಾಗ ಜೋರಿಂದ ಔಷಧ ಏರಿಸಿದ್ರಿ."

ಅವನು ತಲೆ ತಗ್ಗಿಸಿದ.

ಸಂಘರತ್ನ ಸತ್ತ ಸಂಜೆ ತಾನು ಹುಮನಾಬಾದಿನಲ್ಲೇ ಇದ್ದೆ ಎಂದು ಅವನು ಹೇಳಿದ. ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಪರೀಕ್ಷೆಯ ಫಲಿತಾಂಶ ಹೇಳಲು ಕಂಪನಿ ರೈತರ ಸಭೆ ಕರೆದಿತ್ತು. ಹಳ್ಳಿಗಳಿಂದ ಜನರನ್ನು ಗಾಡಿಗಳಲ್ಲಿ ತುಂಬಿಸಿ ತಂದಿದ್ದರು. ನಾಲ್ಕರಿಂದ ಏಳರವರೆಗೆ ಸತೀಶಕುಮಾರ ವೇದಿಕೆಯಿಂದ ಇಳಿದಿರಲಿಲ್ಲ. ಇನ್ನೂರು ಜನ ಅದನ್ನು ನೋಡಿದ್ದರು.

ಸಂಘರತ್ನ ಆ ಸಭೆಗೆ ಬರುತ್ತಿದ್ದ. ಅದು ನಿಮಗೆ ಗೊತ್ತಿತ್ತು ತಾನೇ ಎಂದು ಅವಳು ಕೇಳಿದಳು.

"ಬಂದಿದ್ರೂ ಏನ ಆಗ್ತಿತ್ತು?" ಎಂದ ಸತೀಶಕುಮಾರ ದಣಿದ ದನಿಯಲ್ಲಿ. "ಒಂದು ಕ್ಯಾನ್ ಹಾಲ ಬೋರಲ ಹಾಕಿ ತೋರಸಿದ್ರ ಸಾಬೀತ ಆಗ್ತದೇನ್ರಿ?"

ಗೌಸ ಬಾಗಿಲ ಬಳಿಯಿಂದ ತಿರುಗಿ ನೋಡಿದ.

"ಡಾಕ್ಟರ್ ಸಾಹೇಬ್ರ," ಎಂದಳು ಮಹಜಬೀನ್ ಮೆಲ್ಲಗೆ, "ಕ್ಯಾನಿನ ಮಾತು ಯಾವ ಕಾಗದದಾಗೂ ಇಲ್ಲ. ಅದನ್ನ ಬೋರಲ ಹಾಕಿ ತೋರಸಾಂವ ಇದ್ದ ಅನ್ನೂದು ನನಗೇ ಈಗ ಗೊತ್ತಾತು."

ಹೊರಗೆ ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋಯಿತು. ತಗಡು ಅದುರಿತು. ಸತೀಶಕುಮಾರನ ಮುಖದಲ್ಲಿ ಬಣ್ಣವಿರಲಿಲ್ಲ.

ಇನ್ನೂರು ಜನರ ಎದುರು ಸಂಘರತ್ನ ಏನು ಮಾಡಲು ಹೊರಟಿದ್ದ ಎಂಬುದು ಆಗ ಅವಳ ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ಹೆಪ್ಪು ಹಾಕಿದ ಹಾಲು ಸಂಜೆಗೆ ನೀರಿನಂತೆ ವೇದಿಕೆಯ ಮೇಲೆ ಸುರಿಯುತ್ತಿತ್ತು. ಯಾವ ಲ್ಯಾಬಿನ ಕಾಗದವೂ ಬೇಕಿರಲಿಲ್ಲ. ಅಲ್ಲಿದ್ದ ಒಬ್ಬೊಬ್ಬ ಹೆಂಗಸಿಗೂ ಅದರ ಅರ್ಥ ತಿಳಿಯುತ್ತಿತ್ತು.

ಕ್ಯಾನಿನ ವಿಷಯ ಯಾರು ಹೇಳಿದರು ಎಂದು ಅವಳು ಮೂರು ಸಲ ಕೇಳಿದಳು. ಸಭೆ ಮುಗಿದ ಮೇಲೆ ತಿಳಿಯಿತು ಎಂದ. ಆಗ ಸಂಘರತ್ನ ಸತ್ತಿದ್ದು ತನಗೆ ಗೊತ್ತಿರಲಿಲ್ಲ ಎಂದ. ಹೇಳಿದವರ ಹೆಸರು ಮಾತ್ರ ಬರಲಿಲ್ಲ.

"ಆ ಹೊತ್ತಿನಾಗ ನನ್ನ ಫೋನ್ ನನ್ನ ಹತ್ರ ಇದ್ದಿದ್ದಿಲ್ರಿ. ಗಾಡಿಯೊಳಗ ಚಾರ್ಜಿಗೆ ಹಾಕಿದ್ದೆ. ಗಾಡಿಗೆ ಹತ್ತ ಮಂದಿ ಹತ್ತೂದು ಇಳಿಯೂದು ನಡದಿತ್ತು." ಅವನು ಕಣ್ಣು ಮುಚ್ಚಿಕೊಂಡ. "ಫೋನಿನ ಪಟ್ಟಿ ತರಿಸ್ರಿ. ಯಾರು ಫೋನ್ ಮಾಡಿದ್ರು ನೋಡ್ರಿ. ನೋಡಿದ ಮ್ಯಾಲೂ ಈ ಕೇಸು ಮುಂದ ಒಯ್ಯೂ ಮನಸ್ಸ ಆದ್ರ ಬರ್ರಿ, ಎಲ್ಲಾ ಹೇಳ್ತೇನಿ."

*

ಪಟ್ಟಿ ಮರುದಿನ ಬೆಳಿಗ್ಗೆ ಬಂತು.

ಆ ಸಂಜೆ ಐದು ಗಂಟೆ ಎಂಟು ನಿಮಿಷಕ್ಕೆ ಸತೀಶಕುಮಾರನ ಫೋನಿಗೆ ಒಂದೇ ಒಂದು ಕರೆ ಬಂದಿತ್ತು. ನಾಲ್ಕು ನಿಮಿಷ ಮಾತು ನಡೆದಿತ್ತು. ನಂಬರು ಕೊಹಿನೂರಿನದು. ಠಾಣೆಯ ಕಡತದಲ್ಲಿ ಅದು ಆಗಲೇ ಇತ್ತು: ಮೃತನ ತಾಯಿ, ಅಂಬುಬಾಯಿ.

ಮಹಜಬೀನ್ ಪಟ್ಟಿಯನ್ನು ಮಡಚಿ ಜೇಬಿಗಿಟ್ಟಳು. ಗೌಸನ ಜೊತೆ ಜೀಪಿನಲ್ಲಿ ಕೊಹಿನೂರಿಗೆ ಹೊರಟಳು.

ಕೊಹಿನೂರಿನ ಆ ಎರಡು ಖೋಲಿಯ ಮನೆಯಲ್ಲಿ ಬುದ್ಧನ ಫೋಟೋದ ಪಕ್ಕ ಮಗನ ಫೋಟೋ ಸೇರಿತ್ತು. ಅಂಬುಬಾಯಿ ಗೋಡೆಗೆ ಒರಗಿ ಕೂತಿದ್ದಳು. ಅರವತ್ತೈದರ ಹೆಂಗಸು, ಅರಿಶಿನ ಅರೆದು ಅರೆದು ಬೆರಳ ಸಂದುಗಳು ಹಳದಿಗಟ್ಟಿದ್ದವು. ಓಣಿಯ ಹೆಂಗಸರು ಇಬ್ಬರು ಕೂತಿದ್ದರು. ಮಹಜಬೀನ್ ಅವರನ್ನು ಹೊರಗೆ ಕಳಿಸಿ, ಗೌಸನನ್ನು ಜೀಪಿನ ಬಳಿ ನಿಲ್ಲಿಸಿ, ಚಾಪೆಯ ಮೇಲೆ ಮುದುಕಿಯ ಎದುರು ಕೂತಳು.

ಪಟ್ಟಿಯನ್ನು ಬಿಚ್ಚಿ ನೆಲದ ಮೇಲಿಟ್ಟಳು.

ಅಂಬುಬಾಯಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಕಾಗದ ಏನೆಂದು ಅವಳಿಗೆ ತಿಳಿಯಿತು.

"ನಾನೇ ಮಾಡಿದ್ನಿ," ಎಂದಳು.

ಆಮೇಲೆ ಒಂದೊಂದಾಗಿ ಹೇಳಿದಳು. ಮಧ್ಯಾಹ್ನ ಮಗ ಕ್ಯಾನು ತಂದಿಟ್ಟು, ಸಂಜೆ ಸಭೆಯಲ್ಲಿ ಇದನ್ನು ಎಲ್ಲರೆದುರು ಸುರಿಯುತ್ತೇನೆ ಎಂದಿದ್ದ. ಮದ್ದಿನ ಹೆಸರು ಹಾಳಾಗುತ್ತದೆ, ಸುಮ್ಮನಿರು ಎಂದು ಅವಳು ಬೇಡಿಕೊಂಡಿದ್ದಳು. ಅವನು ಕೇಳಲಿಲ್ಲ. ಹತ್ತೊಂಬತ್ತು ನಿನ್ನವು ಅವ್ವಾ, ಅವನ್ನು ಯಾರೂ ಕಸಿಯಲಾರರು, ಆದರೆ ಈ ಇಪ್ಪತ್ತೊಂಬತ್ತು ನಮ್ಮವಲ್ಲ ಎಂದಿದ್ದ. ಆ ಮಾತು ಆಗ ಅವಳ ತಲೆಗೆ ಇಳಿಯಲಿಲ್ಲ.

"ಜನ್ಮ ಪೂರ್ತಿ ಮಂದಿ ಆಕಳಾ ತೊಳದೀನ್ರಿ. ಹಾಲ ಮ್ಯಾಲಿಂದ ಹೊಯ್ಯೋರು, ನಾ ಬೊಗಸಿ ಹಿಡಿಯಾಕಿ. ಡಬ್ಬಿ ಮ್ಯಾಲ ನಿನ್ನ ಹೆಸರ ಬರಸ್ತೀವಿ ಅಂತ ಡಾಕ್ಟರ್ ಹೇಳಿದ್ರು. ಒಂದ ಸಲ ನೋಡಬೇಕಂತ ಆಸೆ ಆಗಿತ್ತು."

ಡಬ್ಬಿಗಳು ಆಗಲೇ ಅಚ್ಚಾಗಿವೆ, ಅವುಗಳ ಮೇಲೆ ಯಾರ ಮುಖವಿದೆ ಎಂಬುದನ್ನು ಮಹಜಬೀನ್ ಹೇಳಲಿಲ್ಲ.

ಮಗ ಸ್ನಾನಕ್ಕೆ ಹೋದಾಗ ಅಂಬುಬಾಯಿ ಡಾಕ್ಟರಿಗೆ ಫೋನು ಮಾಡಿದ್ದಳು. ಅವನಿಗೆ ನೀವಾದರೂ ತಿಳಿಹೇಳಿ, ಸಭೆಯಲ್ಲಿ ಅಡ್ಡ ಬರಬೇಡ ಎನ್ನಿ ಎಂದು ಕೇಳಲು. ಕ್ಯಾನಿನ ಮಾತು ಹೇಳಿದಳು. ಐದೂವರೆಗೆ ಹೊರಡುತ್ತಾನೆ ಎಂದಳು. ಆ ಕಡೆಯಿಂದ ಯಾವ ದಾರಿಗೆ ಬರುತ್ತಾನೆ ಎಂದು ಕೇಳಿದರು. ಒಳದಾರಿಗೆ ಎಂದಳು.

ಇಷ್ಟು ಹೇಳಿ ಅವಳು ಮಾತು ನಿಲ್ಲಿಸಿದಳು. ಅಳಲಿಲ್ಲ. ಹನ್ನೆರಡು ದಿನದಲ್ಲಿ ಅದೂ ಮುಗಿದಂತಿತ್ತು.

"ದಾರಿ ಕೇಳಿದ್ದು ಡಾಕ್ಟರಾ?" ಎಂದಳು ಮಹಜಬೀನ್.

ಅಂಬುಬಾಯಿ ತಲೆ ಅಲ್ಲಾಡಿಸಿದಳು.

"ಡಾಕ್ಟರ್ ಫೋನ್ ಎತ್ತಲಿಲ್ರಿ. ಬ್ಯಾರೆ ದನಿ. ಡಾಕ್ಟರ್ ಭಾಷಣ ಮಾಡಾಕತ್ತಾರ ಅಂದ. ನೀ ಕಾಳಜಿ ಮಾಡಬ್ಯಾಡ ಆಯಿ, ನಾ ಹಾದ್ಯಾಗ ನಿಂತು ಅವನಿಗೆ ತಿಳಿಸಿ ಹೇಳ್ತೇನಿ ಅಂದ."

"ಯಾರು ಅಂತ ಕೇಳಲಿಲ್ಲೇನು?"

"ಕೇಳೂದೇನ ಬಂತ್ರಿ." ಮುದುಕಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಂವ ಹುಟ್ಟಿದಾಗಿಂದ ಕೇಳಿದ ದನಿ. ನಮ್ಮ ಓಣಿ ಹುಡುಗ, ಕಂಪನಿ ಗಾಡಿ ಹೊಡೀತಾನ. ಮರುದಿನ ನನ್ನ ಮಗನ್ನ ಎತ್ತುವಾಗ ಹೆಗಲ ಕೊಟ್ಟ ನಾಲ್ಕ ಮಂದಿಯೊಳಗ ಅಂವ ಮುಂದ ಇದ್ದ. ನನ್ನಕಿಂತ ಜೋರಾಗಿ ಅತ್ತ. ದಿನಾ ಬರ್ತಾನ. ನಾ ಅವನಿಗೆ ಏನೂ ಅಂದಿಲ್ಲ. ಅಂದ್ರ, ದಾರಿ ಹೇಳಿದಾಕಿ ನೀನೇ ಅಲ್ಲೇನು ಅಂತಾನ."

ಮಹಜಬೀನ್ ಹೆಸರು ಕೇಳಲು ಬಾಯಿ ತೆರೆದಳು.

ಹೊರಗೆ ಚಪ್ಪಲಿ ಬಿಡುವ ಸಪ್ಪಳವಾಯಿತು. ಗೌಸ ಯಾರನ್ನೋ ತಡೆಯುತ್ತಿದ್ದ. ಆ ಯಾರೋ ಅವನಿಗೆ ನಗುತ್ತ ಸಮಾಧಾನ ಹೇಳುತ್ತಿದ್ದ. ಆಮೇಲೆ ಬಾಗಿಲ ಪರದೆಯ ಆಚೆಯಿಂದ ಗಂಡುದನಿಯೊಂದು ಅಕ್ಕರೆಯಿಂದ ಕರೆಯಿತು.

"ಆಯಿ, ಊಟ ತಂದೀನಿ. ಒಳಗ ಬರ್ಲೇನು?"

ಅಂಬುಬಾಯಿಯ ಹಳದಿ ಬೆರಳುಗಳು ಮಹಜಬೀನಳ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದವು. ಮುದುಕಿ ಅವಳ ಕಣ್ಣನ್ನೇ ನೋಡುತ್ತ, ದನಿ ನಡುಗದಂತೆ, ದಿನವೂ ಹೇಳುವ ಹಾಗೆ ಹೇಳಿದಳು:

"ಬಾರಪಾ."